ಕೂಲರಿಗೆ ಹನ್ನೆರಡು ಕಿಲೊ ಉಪ್ಪು

ಬಳ್ಳಾರಿ ಸತ್ಯನಾರಾಯಣಪೇಟೆಯ ದುರ್ಗೇಶ್ ಸಿರುಗುಪ್ಪದ ಪಿಯು ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಒಳ್ಳೆಯ ಮೇಷ್ಟ್ರು. ರಜೆಯಲ್ಲಿ ಮಾತ್ರ ಅವರನ್ನು ಮನೆಯಲ್ಲಿಟ್ಟುಕೊಳ್ಳುವುದು ಕಷ್ಟ. ಬೇಳೆಗೆ ಉಪ್ಪನ್ನು ಯಾವ ಹಂತದಲ್ಲಿ ಹಾಕಬೇಕೆಂದು ಲೆಕ್ಕ ಮಾಡುತ್ತ ಕೂತು ಒಮ್ಮೆ ಬೇಳೆಯನ್ನೇ ಸೀಯಿಸಿದ್ದರು.

ಅವರ ಹೆಂಡತಿ ಜಯಶ್ರೀ ಮಧ್ಯಾಹ್ನದ ಹೊತ್ತು ಮನೆಯ ಪಡಸಾಲೆಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಾರೆ. ಈ ಮೇ ತಿಂಗಳಲ್ಲಿ ಪಕ್ಕದ ರಸ್ತೆಯಲ್ಲಿ ಇನ್ನೊಂದು ಕ್ಲಾಸ್ ಶುರುವಾಯಿತು. ಅಲ್ಲಿ ಎಸಿ ಇತ್ತು. ಜಯಶ್ರೀ ಅವರ ಶಿಷ್ಯೆಯರಲ್ಲಿ ಹಿರಿಯರಾದ ಪಕ್ಕೀರಮ್ಮ ಎದ್ದು ಹೋದರೆ ಉಳಿದವರೂ ಹಿಂದೆಯೇ ಹೋಗುವುದು ಖಚಿತವಾಗಿತ್ತು. ಅಲ್ಲಿಗೆ ಒಮ್ಮೆ ಹೋಗಿಬಂದಿದ್ದ ಪಕ್ಕೀರಮ್ಮ, ಶುಕ್ರವಾರ ಒಂದು ದಿನ ಇಲ್ಲಿ ಕೂತು ನೋಡಿ ತೀರ್ಮಾನ ಹೇಳುವುದಾಗಿ ತಿಳಿಸಿದ್ದರು.

ಜಯಶ್ರೀ ಬಳಿ ಇದ್ದುದು ಒಂದು ಕೂಲರ್. ಬಳ್ಳಾರಿಯ ಬೇಸಿಗೆಯಲ್ಲಿ ಕೂಲರ್ ಎಮ್ಮೆಯಂತೆ ನೀರು ಕುಡಿಯುತ್ತದೆ, ನಲ್ಲಿಯಲ್ಲಿ ನೀರು ದಿನವೂ ಬರುವುದಿಲ್ಲ. ಇದರ ಪರಿಹಾರವನ್ನು ದುರ್ಗೇಶ್ ತಾವೇ ವಹಿಸಿಕೊಂಡರು.

ನೀರು ಎಷ್ಟು ಬೇಗ ಗಾಳಿಗೆ ಹಾರುತ್ತದೆಂಬುದು ಅದರ ಆವಿಯ ಒತ್ತಡವನ್ನು ಅವಲಂಬಿಸಿದೆ. ಉಪ್ಪು ಕರಗಿಸಿದರೆ ಆ ಒತ್ತಡ ಇಳಿಯುತ್ತದೆ. ಎಷ್ಟು ಇಳಿಯುತ್ತದೆಂದು ತಿಳಿಯಲು ದ್ರಾವಣದ ಒಟ್ಟು ಕಣಗಳಲ್ಲಿ ನೀರಿನ ಪಾಲೆಷ್ಟೆಂದು ಕಂಡುಕೊಂಡು, ಅದರಿಂದ ಬರೀ ನೀರಿನ ಒತ್ತಡವನ್ನು ಗುಣಿಸಬೇಕು. ಉಪ್ಪಿನ ಕಣ ಕರಗಿದಾಗ ಎರಡಾಗಿ ಒಡೆಯುವುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮರೆಯುತ್ತಾರೆ. ದುರ್ಗೇಶ್ ಮರೆಯಲಿಲ್ಲ. ನಲವತ್ತು ಲೀಟರ್ ನೀರಿಗೆ ಹನ್ನೆರಡು ಕಿಲೊ ಉಪ್ಪು ಬಿದ್ದರೆ ಒತ್ತಡ ಸುಮಾರು ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ನೀರು ಉಳಿಯುತ್ತದೆ. ಲೆಕ್ಕ ಸರಿಯಾಗಿತ್ತು. ನೀರು ಹಾರಿಹೋಗುವುದರಿಂದಲೇ ಕೂಲರ್ ತಂಪು ಕೊಡುತ್ತದೆ ಎಂಬುದಷ್ಟೇ ಅದರಲ್ಲಿ ಇರಲಿಲ್ಲ.

ಬ್ರೂಸ್‌ಪೇಟೆಯ ಕಿರಾಣಿ ಅಂಗಡಿಯವರು ಹರಳುಪ್ಪು ತೂಗುತ್ತ, “ಉಪ್ಪಿನಕಾಯಿಗೇನ್ರಿ ಸರ?” ಎಂದರು.

“ಅಲ್ರೀ, ಕೂಲರಿಗೆ.”

ಅಂಗಡಿಯವರು ಚೀಲ ಕಟ್ಟುವುದನ್ನು ನಿಲ್ಲಿಸಿ, ಕೂಲರ್ ಯಾವ ಕಂಪನಿಯದೆಂದು ವಿಚಾರಿಸಿದರು.

ಶುಕ್ರವಾರ ಮಧ್ಯಾಹ್ನ ಕ್ಲಾಸ್ ತುಂಬಿತ್ತು. ಕೂಲರ್ ಜೋರಾಗಿ ಬೀಸಿತು. ಗಾಳಿ ಬೆಚ್ಚಗಿತ್ತು, ಜೊತೆಗೆ ಸಣ್ಣ ಹನಿಗಳು. ಸ್ವಲ್ಪ ಹೊತ್ತಿನಲ್ಲೇ ಮೆರೂನ್ ಬಣ್ಣದ ಜಂಪರ್ ಬಟ್ಟೆಯ ಮೇಲೆ ಬಿಳಿ ಚುಕ್ಕೆಗಳು ಮೂಡಿದವು. ಹೆಂಗಸರು ತುಟಿ ಸವರಿಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರಿಗೂ ನೀರಡಿಕೆ. ಅಡುಗೆಮನೆಯ ಕೊಡ ಖಾಲಿಯಾಯಿತು, ಅದರ ಹಿಂದೆ ಇನ್ನೊಂದು ಕೊಡ. ಟ್ಯಾಂಕಿನಲ್ಲಿ ನೀರು ಎಷ್ಟು ಉಳಿದಿದೆಯೆಂದು ದುರ್ಗೇಶ್ ಪೆನ್ಸಿಲ್ ಗೆರೆ ತೋರಿಸಿ ವಿವರಿಸಿದರು. ಯಾರೂ ಬಗ್ಗಿ ನೋಡಲಿಲ್ಲ.

ಮೋಕ ಹಳ್ಳಿಯಿಂದ ಬಂದಿದ್ದ ದುರ್ಗೇಶ್ ಅವರ ತಾಯಿ ಸುಂಕಮ್ಮ ಮಜ್ಜಿಗೆ ತಂದು ಹಂಚಿದರು. ಪಕ್ಕೀರಮ್ಮ ಒಂದು ಗುಟುಕು ಕುಡಿದು, ಮಜ್ಜಿಗೆ ಸಪ್ಪಗಿದೆ ಎಂದರು.

“ಗ್ಲಾಸ್ ಕೂಲರ್ ಮುಂದ ಹಿಡೀರವ್ವ,” ಎಂದರು ಸುಂಕಮ್ಮ. “ನನ್ನ ಮಗ ಗಾಳ್ಯಾಗ ಉಪ್ಪು ಇಟ್ಟಾನ.”

ಜಯಶ್ರೀ ನಗಲಿಲ್ಲ. ಕತ್ತರಿ ಕೆಳಗಿಟ್ಟು ಪಕ್ಕೀರಮ್ಮನ ಕಡೆಗೇ ನೋಡುತ್ತಿದ್ದರು. ಪಕ್ಕೀರಮ್ಮ ನಿಜವಾಗಿಯೂ ಗ್ಲಾಸನ್ನು ಗಾಳಿಗೆ ಹಿಡಿದು, ಮತ್ತೆ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡರು.

“ಅಲ್ಲಿ ತಂಪು ಐತಿ ಖರೆ. ಆದ್ರ ಆ ಟೀಚರು ಒಂದು ತೋಳು ತಪ್ಪಾದ್ರೂ ಬಟ್ಟಿ ಎಸಿತಾರ. ಇಲ್ಲೇ ಇರ್ತೀವಿ ಅಕ್ಕಾ. ನೀರು ನಾವೇ ತರ್ತೀವಿ. ಸರ್ ಮಾತ್ರ ಕೂಲರ್ ಮುಟ್ಟಬಾರದು.”

ತಾವು ಮುಟ್ಟಿದ್ದು ನೀರನ್ನು, ಕೂಲರನ್ನಲ್ಲ ಎಂದು ದುರ್ಗೇಶ್ ಸ್ಪಷ್ಟಪಡಿಸಲು ಹೊರಟರು. ಸುಂಕಮ್ಮ ಅವರ ಕೈಗೆ ಬಕೆಟ್ ಕೊಟ್ಟು, “ಮೊದಲು ಆ ಟ್ಯಾಂಕ್ ಖಾಲಿ ಮಾಡಲೇ,” ಎಂದರು. ಗಿಡಗಳಿಗೆ ಸುರಿಯುವಂತಿರಲಿಲ್ಲ. ಮೇಷ್ಟ್ರು ಉಪ್ಪುನೀರನ್ನು ಒಂದೊಂದೇ ಬಕೆಟ್ ಬಚ್ಚಲಿಗೆ ಹೊತ್ತು ಸುರಿದರು.

ಶನಿವಾರದಿಂದ ಪ್ರತಿಯೊಬ್ಬರೂ ಒಂದೊಂದು ಬಾಟಲಿ ನೀರು ತರುತ್ತಾರೆ. ಎಲ್ಲವನ್ನೂ ಸುರಿದ ಮೇಲೆ ಪಕ್ಕೀರಮ್ಮ ಟ್ಯಾಂಕಿನಲ್ಲಿ ಬೆರಳದ್ದಿ, ನಾಲಿಗೆಗೆ ಮುಟ್ಟಿಸಿ, ಬಾಗಿಲ ಬಳಿ ನಿಂತ ಮೇಷ್ಟ್ರನ್ನು ಒಮ್ಮೆ ನೋಡಿ, ಆಮೇಲೆ ಸ್ವಿಚ್ ಹಾಕುತ್ತಾರೆ.