ಅದುರುವ ಕಾಲು, ಅಮ್ಮನ ಹೂವು

ನಯಾಪೈಸೆ ಚಲಾವಣೆಗೆ ಬಂದ ವರ್ಷದ ಶ್ರಾವಣದಲ್ಲಿ ನನ್ನ ಎಡಗಾಲಿನ ಮೀನಖಂಡ ಅದುರಲು ಶುರುವಾಯಿತು. ನೋವಿಲ್ಲ, ಊತವಿಲ್ಲ. ಚರ್ಮದ ಕೆಳಗೆ ಹುಳು ಹರಿದಂತೆ ಪಟಪಟ ಎಂದು ಸುಮ್ಮನಾಗುವುದು. ಸ್ವಲ್ಪ ಹೊತ್ತಿಗೆ ಮತ್ತೆ ಶುರು. ಕೆಲವು ದಿನಗಳಲ್ಲಿ ಎಡಗಣ್ಣಿನ ರೆಪ್ಪೆಯೂ ಅದರ ಜೊತೆ ಸೇರಿಕೊಂಡಿತು.

ದೇವಿತಾಯಿಯ ಭಕ್ತರಾದ ನಿಮಗೆ ನನ್ನ ಪರಿಚಯ ಇಷ್ಟು ಸಾಕು: ಸಂತೆಪೇಟೆಯಲ್ಲಿ ಕೋಟು ಹೊಲಿಯುವವನು, ಮನೆ ಕುಂಬಾರಕೊಪ್ಪಲು. ಮಷೀನು ತುಳಿಯುವವನಿಗೆ ಕಾಲೇ ಅನ್ನ. ನನ್ನ ತಂದೆಯೂ ಅದೇ ಮಷೀನು ತುಳಿದವರು. ಅವರ ಎಡಭಾಗಕ್ಕೆ ಲಕ್ವ ಹೊಡೆದು, ಹಾಸಿಗೆ ಹಿಡಿದು, ಹಾಸಿಗೆಯಲ್ಲೇ ತೀರಿಕೊಂಡರು. ಅವರಿಗೆ ಗಂಜಿ ಕುಡಿಸಿದ್ದು ನಾನು. ಈಗ ನನ್ನ ಕಾಲು ಅದುರಿದಾಗಲೆಲ್ಲ ಆ ಹಾಸಿಗೆ ಕಣ್ಣಿಗೆ ಕಟ್ಟುತ್ತಿತ್ತು. ಹೆದರಿಕೊಂಡೆ. ಮಕ್ಕಳಿಬ್ಬರೂ ಚಿಕ್ಕವರು.

ದೊಡ್ಡಾಸ್ಪತ್ರೆಗೆ ಹೋದೆ. ಡಾಕ್ಟರು ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು, ಹಿಮ್ಮಡಿಯಲ್ಲಿ ನಡೆಸಿದರು, ತುದಿಗಾಲಲ್ಲಿ ನಿಲ್ಲಿಸಿದರು.

"ಕಾಲಲ್ಲಿ ಬಲ ಚೆನ್ನಾಗಿದೆ ಕಣಯ್ಯ. ಮಾಂಸಖಂಡ ಅದುರುತ್ತೆ, ಅಷ್ಟೆ. ನಿಮ್ಮ ತಂದೆಗೆ ಬಂದಿದ್ದೇ ಬೇರೆ. ಕಾಫಿ ಕಡಿಮೆ ಮಾಡು, ನಿದ್ದೆ ಮಾಡು. ಕಾಲನ್ನೇ ನೋಡ್ಕೊಂಡು ಕೂತ್ಕೋಬೇಡ."

"ಔಷಧಿ?"

"ಬೇಕಾಗಿಲ್ಲ ಹೋಗು."

ಔಷಧಿ ಕೊಟ್ಟಿದ್ದರೆ ನಂಬುತ್ತಿದ್ದೆನೇನೋ. ಔಷಧಿ ಹಾಕಿಸಿಕೊಳ್ಳಲು ತೆಗೆದುಕೊಂಡು ಹೋಗಿದ್ದ ಖಾಲಿ ಬಾಟ್ಲಿ ಖಾಲಿಯಾಗಿಯೇ ವಾಪಸು ಬಂತು. ಕೈಮೀರಿದ ಕೇಸಿಗೆ ತಾನೆ ಔಷಧಿ ಕೊಡದೆ ಕಳಿಸುವುದು? ಬಸ್ಸಿನಲ್ಲಿ ಕೂತು ಪಂಚೆಯ ಮೇಲೆ ಕೈಯಿಟ್ಟು ಪರೀಕ್ಷೆ ಮಾಡಿದೆ. ಅದುರುತ್ತಿರುವುದು ಕಾಲೋ ಬಸ್ಸೋ ಗೊತ್ತಾಗಲಿಲ್ಲ. ಎರಡೂ ಅದುರುತ್ತಿವೆ ಎಂದು ತೀರ್ಮಾನಿಸಿದೆ.

ಎದುರುಮನೆಯ ಮೇಷ್ಟರು ಪಂಚಾಂಗದಲ್ಲಿ ಅಂಗ ಅದುರುವ ಫಲ ತೆಗೆದು, ಗಂಡಸರಿಗೆ ಎಡಭಾಗ ಅಷ್ಟು ಒಳ್ಳೆಯದಲ್ಲ ಎಂದು ಮೆಲ್ಲಗೆ ಹೇಳಿದರು. ಅಲ್ಲಿಗೆ ನನ್ನ ಉಳಿದ ಧೈರ್ಯವೂ ಮುಗಿಯಿತು.

ಶುಕ್ರವಾರ ಹೆಂಡತಿ ಜಯಮ್ಮನನ್ನು ಕರೆದುಕೊಂಡು ನಮ್ಮ ಬೀದಿಯ ಅಮ್ಮನ ಗುಡಿಗೆ ಹೋದೆ. ಅಲ್ಲಿ ಹೂ ಕೇಳುವ ಪದ್ಧತಿಯಿದೆ. ಪೂಜಾರಪ್ಪ ಅಮ್ಮನ ಮುಡಿಗೆ, ಭುಜಗಳಿಗೆ ಹೂವಿಡುತ್ತಾರೆ. ನಾವು ಮನಸ್ಸಿನಲ್ಲಿ ಕೇಳಿಕೊಂಡು ಕಾಯಬೇಕು. ಬಲಗಡೆ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. "ನಾನು ಹಾಸಿಗೆ ಹಿಡಿಯೋದಿಲ್ಲ ಅನ್ನೋದಾದರೆ ಬಲಗಡೆ ಕೊಡು ತಾಯಿ" ಎಂದು ಕೇಳಿದೆ. ಬಹಳ ಹೊತ್ತು ಏನೂ ಅಲುಗಾಡಲಿಲ್ಲ. ಆಮೇಲೆ ಒಂದು ಕಣಗಿಲೆ ಹೂ ಜಾರಿ ಬಿತ್ತು. ಬಿದ್ದದ್ದು ಎಡಗಡೆ.

ನಾನು ಪ್ರಸಾದಕ್ಕೂ ನಿಲ್ಲಲಿಲ್ಲ. ಜಯಮ್ಮ ಹಿಂದಿನಿಂದ ಆ ಹೂ ಮುಡಿದುಕೊಂಡು ಬಂದಳು. "ಅಮ್ಮ ಒಳ್ಳೇದೇ ಹೇಳವ್ಳೆ ಬುಡಿ" ಎಂದಳು. ಅಂದು ಮನೆಯಲ್ಲಿ ಪಾಯಸ. ಪಾಪ, ನನ್ನ ಎದುರು ಅಳುವುದಕ್ಕಾಗದೆ ಪಾಯಸ ಮಾಡಿದ್ದಾಳೆ ಎಂದುಕೊಂಡು ನಾನೂ ಏನೂ ತೋರಿಸಿಕೊಳ್ಳದೆ ಎರಡು ಲೋಟ ಕುಡಿದೆ.

ಆಗ ನನಗಿದ್ದ ಚಿಂತೆ ಒಂದೇ, ನಾನು ಮಲಗಿದ ಮೇಲೆ ಈ ಮೂವರ ಗತಿ ಏನು. ಮಷೀನನ್ನು ಮನೆಗೆ ತರಿಸಿ ಜಯಮ್ಮನಿಗೆ ಕೆಲಸ ಕಲಿಸತೊಡಗಿದೆ. ಗುಂಡಿ ಹಚ್ಚುವುದು, ಗುಂಡಿ ತೂರಿಸುವ ಕಾಜ ಹೊಲಿಯುವುದು, ಅಂಚು ಮಡಿಸುವುದು. ಕಾಜ ಬೇಗ ಹಿಡಿದಳು. ದಸರಾಕ್ಕೆ ಕೊಡಬೇಕಾಗಿದ್ದ ಒಂದು ಕೋಟನ್ನು ಹಾಸಿ ಎದೆಯ ಜೇಬಿಗೆ ಸೀಮೆಸುಣ್ಣದ ಗುರುತು ಹಾಕು ಎಂದೆ. ತಪ್ಪು ಕಡೆಗೆ ಹಾಕಿದಳು. ರೇಗಿತು.

"ಅದು ನಿನ್ನ ಎಡ ಕಣೇ! ಕೋಟು ಹಾಕ್ಕೊಳ್ಳೋನ ಎಡ ನೋಡ್ಬೇಕು. ಅವನು ನಿನ್ನ ಎದುರಿಗೆ ನಿಂತವ್ನೆ ಅಂದ್ಕೊ."

ಅವಳು ಗುರುತು ಒರೆಸುತ್ತ, "ಅಲ್ಲ, ಇದ್ದಕ್ಕಿದ್ದಂಗೆ ಯಾಕ್ರೀ ನನ್ಗೆ ಇದನ್ನೆಲ್ಲ ಕಲಿಸ್ತಿದೀರಿ?" ಎಂದು ಕೇಳಿದಳು.

ತಡೆಯಲಾಗಲಿಲ್ಲ. ಅತ್ತುಬಿಟ್ಟೆ. ಅಮ್ಮ ಎಡಗಡೆ ಹೂ ಕೊಟ್ಟಳಲ್ಲ, ಇನ್ನೇನು ಉಳಿಯಿತು ಎಂದೆ.

ಜಯಮ್ಮ ನನ್ನನ್ನು ನೋಡಿದಳು, ಕೋಟನ್ನು ನೋಡಿದಳು.

"ಅಯ್ಯೋ, ಈಗ್ ತಾನೆ ನನ್ಗೆ ಬೈದ್ರಲ್ರೀ, ಎದುರಿಗ್ ನಿಂತೋರ ಎಡ ಬಲ ನೋಡು ಅಂತ. ಅಮ್ಮ ನಿಮ್ ಎದುರಿಗೇ ತಾನೆ ಕುಂತಿರೋದು? ನಿಮ್ ಎಡಕ್ ಬಿದ್ರೆ ಅದು ಅವಳ ಬಲ. ಬಲಗಡೇನೇ ಕೊಟ್ಟವ್ಳೆ ಕಣ್ರೀ! ಪಾಯಸ ಇನ್ಯಾಕ್ ಮಾಡಿದ್ದು ನಾನು?"

ಹೂವಿನ ಲೆಕ್ಕಕ್ಕೆ ಅಮ್ಮನ ಬಲವೇ ಬಲ ಎಂದು ತಿಳಿದು ಚಿಕ್ಕಂದಿನಿಂದ ಹೂ ಕೇಳಿಕೊಂಡು ಬಂದವನು, ದಿನಾ ಗಿರಾಕಿಗಳನ್ನು ಎದುರಿಗೆ ನಿಲ್ಲಿಸಿ ಅಳತೆ ತೆಗೆಯುವವನು ನಾನು. ಭಯ ಆ ಬುದ್ಧಿಯನ್ನೂ ತಿಂದುಹಾಕಿತ್ತು. ಅವತ್ತೇ ಸಂಜೆ ಗುಡಿಗೆ ಹೋದೆ. "ಪ್ರಸಾದ ಈಸ್ಕೊಳ್ದೆ ಓಡೋಗ್ಬುಟ್ರಲ್ಲಪ್ಪ" ಎಂದು ಪೂಜಾರಪ್ಪ ನಕ್ಕರು. ಅಮ್ಮನ ಮುಖ ನೋಡಿದೆ. ಏನೂ ಕೇಳಬೇಕೆನಿಸಲಿಲ್ಲ. ರಾತ್ರಿ ಮಗುವಿನಂತೆ ನಿದ್ದೆ ಬಂತು.

ಡಾಕ್ಟರು ಹೇಳಿದ್ದೂ ಅದೇ ಮಾತಲ್ಲವೆ ಎಂದು ನೀವು ಕೇಳಬಹುದು. ಅದೇ ಮಾತು. ಅವರು ಹೇಳಿದ್ದನ್ನು ನಂಬುವ ಶಕ್ತಿ ನನ್ನಲ್ಲಿರಲಿಲ್ಲ, ಅದನ್ನು ಕೊಟ್ಟವಳು ತಾಯಿ. ಕಾಫಿ ಕಡಿಮೆ ಮಾಡಿದೆ. ದಸರಾ ಕೋಟುಗಳೆಲ್ಲ ಹೊತ್ತಿಗೆ ಸರಿಯಾಗಿ ಮುಗಿದವು. ಇಷ್ಟು ವರ್ಷಗಳಾದರೂ ಕಾಲು ಒಮ್ಮೊಮ್ಮೆ ಅದುರುತ್ತದೆ. ಅದರ ಪಾಡಿಗೆ ಅದು ಅದುರುತ್ತದೆ, ನನ್ನ ಪಾಡಿಗೆ ನಾನು ಮಷೀನು ತುಳಿಯುತ್ತೇನೆ. ಕಾಜ ಮಾತ್ರ ಇಂದಿಗೂ ಜಯಮ್ಮನದೇ.

ಪ್ರತಿ ಶುಕ್ರವಾರ ಗುಡಿಗೆ ಹೋಗುತ್ತೇನೆ. ಅಮ್ಮನ ಎದುರು ನಿಂತು, ಅವಳ ಬಲ ಯಾವುದೆಂದು ಮೊದಲು ನೋಡಿಕೊಂಡು, ಆಮೇಲೆ ಕೈಮುಗಿಯುತ್ತೇನೆ.