ಮಿಸ್ಸು ತಿದ್ದಿದ ಪದ

ನಮ್ಮ ಇಂಗ್ಲಿಷ್ ಮಿಸ್ಸಿನ ಬಲಗೈ ತೋರುಬೆರಳು ತುದಿಯಲ್ಲಿ ಕೊಂಚ ಡೊಂಕು. ಎದುರಿನವರ ಮಾತಿನ ಮಧ್ಯೆ ಅದು ಮೇಲೆದ್ದರೆ ಮುಗಿಯಿತು, ಯಾವುದೋ ಪದ ತಪ್ಪಾಗಿದೆ. ಅರಸೀಕೆರೆಯಲ್ಲಿ ನಮ್ಮ ಪಕ್ಕದ ಮನೆಯೇ ಅವರದು, ಹಾಗಾಗಿ ಶಾಲೆ ಬಿಟ್ಟ ಮೇಲೂ ನನಗೆ ಬಿಡುಗಡೆಯಿರಲಿಲ್ಲ. ಗ್ಯಾಸ್ ತರುವವನು ಅವರ ಬಾಗಿಲಲ್ಲಿ ಮಾತೇ ಆಡದೆ ಸಿಲಿಂಡರ್ ಇಳಿಸಿ ಓಡುತ್ತಿದ್ದ.

ನನ್ನನ್ನು ನೋಡಲು ಬೇಲೂರಿನಿಂದ ಗಂಡಿನ ಕಡೆಯವರು ಬರುವ ದಿನ ಅಮ್ಮ ಮಿಸ್ಸನ್ನೂ ಕರೆದಿದ್ದಳು. ಬೆಳಿಗ್ಗೆ ಬರಬೇಕಾದವರು ಊಟದ ಹೊತ್ತು ಮೀರಿದರೂ ಪತ್ತೆಯಿಲ್ಲ. ಸಂಬಂಧ ತಂದಿದ್ದ ಸೋದರಮಾವ, "ಹುಡುಗ ಬಾಳ ರಿಲಯಬಲ್ ಕಣಕ್ಕ, ಯೋಚ್ನೆ ಮಾಡ್ಬೇಡ" ಎಂದ.

ಬೆರಳು ಎದ್ದಿತು.

"ಅದು ಒಳ್ಳೆಯವನು ಅನ್ನೋ ಪದ ಅಲ್ಲ ಕಣ್ರೀ. ಪ್ರತಿ ಸಲ ಹೇಳಿದ ಹಾಗೆ ನಡ್ಕೊಂಡ್ರೆ ರಿಲಯಬಲ್. ಬಸ್ಸಿಗೂ ಅನ್ಬಹುದು, ಮಿಕ್ಸಿಗೂ ಅನ್ಬಹುದು. ಈ ಹುಡುಗನಿಗೆ ಇವತ್ತಂತೂ ಅನ್ನೋಕಾಗಲ್ಲ."

ಅಮ್ಮ ಹಲ್ಲು ಕಚ್ಚಿದಳು. ರೇಷ್ಮೆ ಸೀರೆಯಲ್ಲಿ ಬೆವರುತ್ತ ಕೂತಿದ್ದ ನನಗೆ ಎದ್ದು ಹೋಗಿಬಿಡೋಣ ಅನ್ನಿಸಿತು.

ಕೊನೆಗೂ ಅವರು ಬಂದರು. ಉಪ್ಪಿಟ್ಟು ಕೈಗೆ ಬರುವ ಮೊದಲೇ ಮಿಸ್ಸು, "ಯಾಕಪ್ಪ ಇಷ್ಟು ತಡ?" ಎಂದರು. "ಕಾರು ಪಂಚರ್ ಆಗಿತ್ತು" ಎಂದರು ಹುಡುಗನ ತಂದೆ.

"ನಾನು ಅವನನ್ನ ಕೇಳಿದ್ದು."

ಹುಡುಗ ತಲೆ ತಗ್ಗಿಸಿದ. "ಪಂಚರ್ ಆಗಿರ್ಲಿಲ್ಲ ಮೇಡಂ. ಬರಲ್ಲ ಅಂತ ಹಳೇಬೀಡು ಕೆರೆ ಹತ್ರ ಇಳಿದು ಕೂತಿದ್ದೆ. ನನಗೆ ಬೇರೆ ಹುಡುಗಿ ಇಷ್ಟ. ಮನೇಲಿ ಒಪ್ತಿಲ್ಲ."

ಹುಡುಗನ ತಂದೆ ಎದ್ದು ನಿಂತರು. ಮಿಸ್ಸು ಮಾತ್ರ ಸೋದರಮಾವನತ್ತ ತಿರುಗಿ ಪಾಠ ಮುಂದುವರಿಸಿದರು: "ನೋಡಿ, ಇವನು ಟ್ರಸ್ಟ್‌ವರ್ದಿ. ನಿಜ ಹೇಳ್ತಾನೆ ಅಂತ ನಂಬಬಹುದು. ಹೊತ್ತಿಗೆ ಬರ್ತಾನೆ ಅಂತ ನಂಬೋಕಾಗಲ್ಲ, ಅಷ್ಟೆ. ಎರಡೂ ಬೇರೆ."

ಸಂಬಂಧ ಮುರಿದು ಬಿದ್ದಿರುವಾಗಲೂ ಪದದ ಅರ್ಥ. ಆ ಕ್ಷಣ ಅವರ ಬಾಯಿಗೆ ಉಪ್ಪಿಟ್ಟು ತುರುಕಬೇಕೆನಿಸಿತ್ತು.

ಅವರೆಲ್ಲ ಹೋದ ಮೇಲೆ ಅಮ್ಮ ಅಡುಗೆಮನೆಯಲ್ಲಿ ಅತ್ತಳು. ಮಿಸ್ಸು ತಟ್ಟೆಗಳನ್ನೆಲ್ಲ ತೊಳೆದಿಟ್ಟರು. ಬೀದಿಯವರು ವಿಚಾರಿಸಿದಾಗ, "ಸಂಬಂಧ ಕೆಡಿಸಿದ್ದು ನಾನು, ಹುಡುಗೀನ ಏನೂ ಕೇಳ್ಬೇಡಿ" ಎಂದು ಮಾತನ್ನೆಲ್ಲ ತಮ್ಮ ಮೇಲೆ ಎಳೆದುಕೊಂಡರು. ಆದರೂ ಅಮ್ಮ ಅವರೊಡನೆ ಮಾತು ಬಿಟ್ಟಳು. ಹಬ್ಬದ ಒಬ್ಬಟ್ಟನ್ನೂ ನನ್ನ ಕೈಯಲ್ಲೇ ಕಳಿಸುತ್ತಿದ್ದಳು.

ಆ ಹುಡುಗ ಇಷ್ಟಪಟ್ಟವಳನ್ನೇ ಮದುವೆಯಾದ. ನನಗೂ ಮನಸ್ಸೊಪ್ಪಿದ ಗಂಡ ಸಿಕ್ಕಿದ.

ಹೋದ ವರ್ಷ ಮಿಸ್ಸು ತೀರಿಕೊಂಡರು. ಅಮ್ಮ ಹಾರ ಹಾಕಿ, ಅವರ ಕಾಲ ಬಳಿ ಕುಸಿದು ಕೂತು, "ಆವತ್ತು ನೀವು ಬಾಯಿ ಹಾಕ್ದಿದ್ರೆ ನನ್ನ ಮಗಳು ಜೀವಮಾನವೆಲ್ಲ ಕಣ್ಣೀರು ಹಾಕ್ತಿದ್ಳು" ಎಂದಳು. ನನಗೆ ಅಳುವಿನ ಜೊತೆ ಸಿಟ್ಟೂ ಬಂತು. ಇಷ್ಟು ವರ್ಷ ಆ ಹೆಂಗಸು ಗೋಡೆಯಾಚೆಗೇ ಇದ್ದರಲ್ಲ, ಕೇಳಿಸುವಾಗ ಹೇಳಬಾರದಿತ್ತೇ?