ಮಾತಿಲ್ಲದ ಸಿನಿಮಾಕ್ಕೆ ಮೈಲಾರಲಿಂಗಪ್ಪ

ಮೈಲಾರಲಿಂಗಪ್ಪನ ಬಾಯಿಗೆ ಹಾಕುವ ಬೀಗವನ್ನು ಧಾರವಾಡದಲ್ಲಿ ಇನ್ನೂ ಯಾರೂ ಮಾಡಿರಲಿಲ್ಲ. ಶಾಲೆಗಳಿಗೆ, ಹಳ್ಳಿಗಳಿಗೆ ಸಿನಿಮಾ ತೋರಿಸುವ ಸಂಸ್ಥೆಯೊಂದರ ವ್ಯಾನಿನಲ್ಲಿ ಅವನು ಇಪ್ಪತ್ತೆರಡು ವರ್ಷ ತಿರುಗಿದವನು. ಪರದೆಯ ಮೇಲೆ ಹಿಂದಿಯೋ ಇಂಗ್ಲಿಷೋ ಓಡುತ್ತಿದ್ದರೆ, ಪಕ್ಕದಲ್ಲಿ ಮೈಕು ಹಿಡಿದು ಕನ್ನಡದಲ್ಲಿ ವಿವರಣೆ ಹೇಳುವುದು ಅವನ ಕೆಲಸ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಹಾಗೆ. ಜನ ಸಿನಿಮಾ ಬಿಟ್ಟು ತನ್ನನ್ನೇ ನೋಡುತ್ತಿದ್ದರೆಂದು ಅವನೇ ಹೇಳುತ್ತಿದ್ದ. ಅರ್ಧ ನಂಬಿದರೂ ಸಾಕು.

೧೯೯೮ರಲ್ಲಿ ಸಂಸ್ಥೆಗೊಂದು ಹೊಸ ಕಾರ್ಟೂನ್ ಸಿನಿಮಾ ಬಂತು. ಊರೆಲ್ಲ ಮುಳುಗಿಸಿದ ನೆರೆ, ಒಂದು ದೋಣಿ, ಅದರಲ್ಲಿ ಬೆಕ್ಕು, ಜಿಂಕೆ, ಮಂಗ, ಕರಡಿ. ಇಡೀ ಸಿನಿಮಾದಲ್ಲಿ ಒಂದು ಮಾತೂ ಇಲ್ಲ.

"ಇದಕ್ಕ ಹೇಳವ್ರು ಯಾಕ ಬೇಕ್ರಿ?" ಎಂದರು ಸಂಸ್ಥೆಯ ಮುಖ್ಯಸ್ಥ ರಮಾಕಾಂತರು. "ನವನಗರದ ಸಾಲ್ಯಾಗ ಹಚ್ಚಿ ನೋಡೋಣು. ಹುಡುಗ್ರಿಗೆ ತಾನ ತಿಳೀತಂದ್ರ, ನೀವಿನ್ನ ವ್ಯಾನ್ ಹತ್ತೂದು ಬ್ಯಾಡ. ಸ್ಟೋರ್ ರೂಮಿನ್ಯಾಗ ಕೂಡ್ರಿ."

ಸ್ಟೋರ್ ರೂಮೆಂದರೆ ರೀಲಿನ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೋಣೆ. ಅಲ್ಲಿ ಮಾತಿಗೆ ಜಿರಲೆಗಳೇ ಗತಿ. ಆದರೂ ಮೈಲಾರಲಿಂಗಪ್ಪ, ಮಕ್ಕಳು ತನ್ನನ್ನು ಕರೆದೇ ಕರೆಯುತ್ತಾರೆಂದು ನಂಬಿ, ಕತೆಯ ಸಾರಾಂಶದ ಹಾಳೆ ನೋಡಿಕೊಂಡು ಹನ್ನೆರಡು ಪುಟ ಮಾತು ಬರೆದ. ಕರಡಿಗೆ ಹುಬ್ಬಳ್ಳಿ ವ್ಯಾಪಾರಿಯ ಗತ್ತು, ಬೆಕ್ಕಿಗೆ ಧಾರವಾಡದ ನಾಜೂಕು.

ಮರುದಿನ ಮಧ್ಯಾಹ್ನ ಶಾಲೆಯ ಕಿಟಕಿಗಳಿಗೆ ಜಮಖಾನೆ ಕಟ್ಟಿ ಸಿನಿಮಾ ಹಚ್ಚಿದರು. ಮೂಲೆಯಲ್ಲಿ ಮೈಲಾರಲಿಂಗಪ್ಪ, ತೊಡೆಯ ಮೇಲೆ ಮೈಕು. ಮಂಗ ಜಾರಿ ಬಿದ್ದಾಗ ಮಕ್ಕಳು ಹೋ ಎಂದು ನಕ್ಕರು. ಬೆಕ್ಕು ನಡುಗುತ್ತ ಕರಡಿಯ ಹೊಟ್ಟೆಗೆ ಒತ್ತಿಕೊಂಡಾಗ ಸುಮ್ಮನಾದರು. ಅವನಿಗೆ ತಡೆಯಲಾಗಲಿಲ್ಲ.

"ನೋಡ್ರಿ ಮಕ್ಕಳ, ಈಗ ಬೆಕ್ಕು..."

ಮುಂದೆ ಕುಳಿತಿದ್ದ ಚಿನ್ಮಯೀ ಎಂಬ ಹುಡುಗಿ ಹಿಂದಕ್ಕೆ ತಿರುಗಿದಳು. "ಸುಮ್ಕಿರ್ರಿ ಕಾಕಾ. ನಮಗ ಕಾಣಸಾಕತ್ತದ."

ಅವನಿಗೆ ಅಳುವೇ ಬಂತು. ಬೇರೆ ಕೆಲಸವಿಲ್ಲದೆ ಪರದೆ ನೋಡಿದ. ಇಷ್ಟು ವರ್ಷ ನೋಡಿದ್ದೆಲ್ಲ ಕೈಯಲ್ಲಿನ ಕಾಗದ ಮತ್ತು ಜನರ ಮುಖ. ಸಿನಿಮಾವನ್ನು ನೆಟ್ಟಗೆ ನೋಡಿದ್ದು ಇದೇ ಮೊದಲು. ದೋಣಿ ಮುಳುಗುವಂತಾದಾಗ ಕರಡಿ ತಾನಾಗಿಯೇ ನೀರಿಗಿಳಿದು ಹಿಂದಿನಿಂದ ನೂಕಿತು. ದೋಣಿ ದಡ ಮುಟ್ಟಿತು. ಉಳಿದ ಮೂರೂ ಹೊರಳಿ ನೀರನ್ನು ನೋಡಿದವು; ಕರಡಿ ಕಾಣಲಿಲ್ಲ. ಅಲ್ಲಿಗೆ ಸಿನಿಮಾ ಮುಗಿಯಿತು.

ಜಮಖಾನೆ ಬಿಚ್ಚಿದರೂ ಮಕ್ಕಳು ಏಳಲಿಲ್ಲ.

"ಟೀಚರ್, ಕರಡಿ ಏನಾತ್ರಿ?" ಎಂದಳು ಚಿನ್ಮಯೀ.

ಶಿಕ್ಷಕಿ ಸುಕನ್ಯಾ, ಪಕ್ಕದಲ್ಲಿ ನಿಂತಿದ್ದ ರಮಾಕಾಂತರ ಮುಖ ನೋಡಿದರು. ರಮಾಕಾಂತರು ಸಾರಾಂಶದ ಹಾಳೆಯನ್ನು ಹಿಂದೆ ಮುಂದೆ ತಿರುವಿದರು. ಅದರಲ್ಲಿರಲಿಲ್ಲ. ಆಗ ಮಕ್ಕಳೆಲ್ಲ ಮೂಲೆಯತ್ತ ಹೊರಳಿದರು.

"ಕಾಕಾ, ನೀವ ಹೇಳ್ರಿ."

ಬರೆದ ಹನ್ನೆರಡು ಪುಟದಲ್ಲೂ ಅದಿರಲಿಲ್ಲ. ಅವನು ಮೈಕು ಅಲ್ಲೇ ಬಿಟ್ಟು ಬಂದು ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ.

"ಮುಳುಗಿತು ಅಂತ ಯಾರಂದ್ರು? ಅದಕ್ಕ ನೀರಾಗೊಂದು ಆಲದ ಬೇರು ಸಿಕ್ಕಿತು..."

ಬೇರು ಹಿಡಿದು ಕರಡಿ ಇನ್ನೇನು ಮೇಲೆ ಬರಬೇಕು, ಶಾಲೆ ಬಿಡುವ ಗಂಟೆ ಹೊಡೆಯಿತು. ಮೈಲಾರಲಿಂಗಪ್ಪ ಎದ್ದು ಬಟ್ಟೆ ಜಾಡಿಸಿಕೊಂಡ.

"ನಡೀರಿ ಸಾಹೇಬ್ರ. ವ್ಯಾನ್ ಕಾಯಾಕತ್ತದ."

ಬಾಗಿಲಲ್ಲಿ ಚಪ್ಪಲಿ ಮೆಟ್ಟಿ ನಿಂತಿದ್ದ ರಮಾಕಾಂತರು ಚಪ್ಪಲಿ ಕಳಚಿ ಒಳಗೆ ಬಂದು, ಮಕ್ಕಳ ಹಿಂದೆ ನೆಲದ ಮೇಲೆ ಕುಳಿತರು.

"ಕಾಯಲಿ ಬಿಡ್ರಿ. ಮೊದಲ ಆ ಕರಡಿನ್ನ ದಂಡಿಗಿ ತರ್ರಿ."